ಡಬ್ಬದ ಮೇಲಿನ 487 ಪಟ್ಟು, ಪಾಂಡವಪುರದ ಗಾಳಿ ಮತ್ತು ಮೂರು ಸಾಮಾನು

ಪ್ರಶ್ನೆ: ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು ನಾನು. ವಯಸ್ಸು 52, ಕನ್ನಡಕ ಇದೆ. ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ಟೆಲಿಸ್ಕೋಪ್ ಕೊಡಿಸಿದ್ದಾರೆ. ಕನ್ನಡಿ 130 ಮಿ.ಮೀ., ಸಂಗಮ ದೂರ 650 ಮಿ.ಮೀ. ಜೊತೆಗೆ 20 ಮತ್ತು 4 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಪುಟ್ಟ ಲೆನ್ಸ್), ಐಪೀಸಿನ ವರ್ಧನೆ ಹೆಚ್ಚಿಸುವ 3 ಪಟ್ಟಿನ ಬಾರ್ಲೋ ಲೆನ್ಸ್ ಬಂದಿದೆ. ಡಬ್ಬದ ಮೇಲೆ 487 ಪಟ್ಟು ಎಂದು ಬರೆದಿದೆ. ಆದರೆ ಶಾಲೆಯ ತಾರಸಿಯಲ್ಲಿಟ್ಟು 4ರಲ್ಲಿ ಗುರು ಗ್ರಹ ನೋಡಿದರೆ ಬಿಂದಿಗೆಯ ನೀರಿಗೆ ಬಿದ್ದ ನಿಂಬೆಹಣ್ಣಿನ ಹಾಗೆ ಅಲ್ಲಾಡುತ್ತದೆ. ಇನ್ನೊಂದು ವಿಚಿತ್ರ: 20ರಲ್ಲಿ ತೆಂಗಿನ ಮರ ನೆಟ್ಟಗಿದೆ, 4ರಲ್ಲಿ ತಲೆಕೆಳಗು. ಏನಾದರೂ ಕೆಟ್ಟಿದೆಯೇ? ಆನ್‌ಲೈನ್‌ನಲ್ಲಿ ಐದು ಐಪೀಸ್, ಬಣ್ಣದ ಫಿಲ್ಟರ್ ಎಲ್ಲ ಇರುವ ಸೆಟ್ ಸಿಗುತ್ತದೆ. ಕೈಯಲ್ಲಿ ಎಂಟು ಸಾವಿರ ರೂಪಾಯಿ ಇದೆ. ಕೊಂಡುಬಿಡಲೇ?

ಉತ್ತರ: ಮೇಷ್ಟ್ರೇ, ಏನೂ ಕೆಟ್ಟಿಲ್ಲ. ನಿಮ್ಮದು ಕನ್ನಡಿ ಟೆಲಿಸ್ಕೋಪ್. ಅದು ತೋರಿಸುವುದೇ ತಲೆಕೆಳಗು. ಹಾಗಾದರೆ 20ರಲ್ಲಿ ತೆಂಗಿನ ಮರ ನೆಟ್ಟಗೆ ನಿಂತಿದ್ದು ಹೇಗೆ? ಆ ಐಪೀಸಿನೊಳಗೆ ಚಿತ್ರವನ್ನು ತಿರುಗಿಸಿ ನಿಲ್ಲಿಸಲು ಹೆಚ್ಚುವರಿ ಗಾಜು ಹಾಕಿದ್ದಾರೆ. ಹಗಲು ಹೊತ್ತು ಮರ, ಬೆಟ್ಟ, ಹಕ್ಕಿ ನೋಡುವವರಿಗೆ ಮಾಡಿದ್ದು ಅದು. ಕುಂತಿಬೆಟ್ಟ ಹತ್ತುತ್ತಿರುವವರನ್ನು ಮಕ್ಕಳಿಗೆ ತೋರಿಸಬೇಕಾದರೆ ಇಟ್ಟುಕೊಳ್ಳಿ. ಆಕಾಶಕ್ಕೆ ಆ ಗಾಜು ದಂಡ. ಸ್ವಲ್ಪ ಬೆಳಕು ತಿನ್ನುತ್ತದೆ, ನೋಟವೂ ಕಿರಿದು. ಚಂದ್ರನಿಗೆ ಮೇಲೇನು ಕೆಳಗೇನು, ಅಲ್ವಾ?

ಇನ್ನು ಆ 487. ಲೆಕ್ಕ ತಪ್ಪಿಲ್ಲ. ಟೆಲಿಸ್ಕೋಪಿನ ಸಂಗಮ ದೂರವನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 650ನ್ನು 20ರಿಂದ ಭಾಗಿಸಿದರೆ 32 ಚಿಲ್ಲರೆ. 4ರಿಂದ ಭಾಗಿಸಿದರೆ 162. ಅದಕ್ಕೆ ಮೂರು ಪಟ್ಟಿನ ಬಾರ್ಲೋ ಸಿಕ್ಕಿಸಿದರೆ 487. ಮೊಪೆಡ್ಡಿಗೆ 160ರವರೆಗೆ ಅಂಕಿ ಇರುವ ಸ್ಪೀಡೋಮೀಟರ್ ಕೂರಿಸಿದ ಹಾಗೆ. ಅಂಕಿ ಇದೆ, ಮುಳ್ಳು ಅಲ್ಲಿಗೆ ಹೋಗುವುದಿಲ್ಲ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು, ಅದು ಹೆಚ್ಚಿನ ಮಿತಿ. ನಿಮಗೆ 260. ಅದೂ ಗಾಳಿ ಪೂರ್ತಿ ಶಾಂತವಾಗಿರುವ ರಾತ್ರಿ. ಅದಕ್ಕಿಂತ ಮುಂದೆ ಚಿತ್ರ ದೊಡ್ಡದಾಗುತ್ತದೆ, ಹೊಸ ವಿವರ ಒಂದೂ ಬರುವುದಿಲ್ಲ. ಮಸುಕಾಗುತ್ತಾ ಹೋಗುತ್ತದೆ, ಅಷ್ಟೇ.

ಕಡಿಮೆ ಪಟ್ಟಿನಲ್ಲಿ ಏನು ಕಂಡೀತು ಎಂಬ ಅನುಮಾನ ನಿಮಗೆ ಬಂದಿರಬಹುದು. ಒಂದು ಲೆಕ್ಕ ಮಾಡೋಣ. ಗುರು ಗ್ರಹ ಚೆನ್ನಾಗಿ ಕಾಣುವ ಕಾಲದಲ್ಲಿ ಸುಮಾರು 45 ಆರ್ಕ್‌ಸೆಕೆಂಡ್ ಅಗಲ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಆರ್ಕ್‌ಮಿನಿಟ್, ಅದನ್ನು ಮತ್ತೆ 60 ಪಾಲು ಮಾಡಿದರೆ ಆರ್ಕ್‌ಸೆಕೆಂಡ್. 9 ಮಿ.ಮೀ. ಐಪೀಸ್ ಹಾಕಿ 72 ಪಟ್ಟು ಹಿಗ್ಗಿಸಿದರೆ 54 ಆರ್ಕ್‌ಮಿನಿಟ್. ಬರಿಗಣ್ಣಿಗೆ ಹುಣ್ಣಿಮೆ ಚಂದ್ರ ಕಾಣುವುದೇ 31 ಆರ್ಕ್‌ಮಿನಿಟ್. ಅಂದರೆ ಬರೀ 72 ಪಟ್ಟಿನಲ್ಲೇ ಗುರು ಚಂದ್ರನ ಒಂದೂ ಮುಕ್ಕಾಲರಷ್ಟು ದೊಡ್ಡದು! ಯಾರೂ ನಂಬುವುದಿಲ್ಲ. ಕಪ್ಪು ಆಕಾಶದ ನಡುವೆ ಒಂಟಿಯಾಗಿ ನಿಂತಿರುವುದರಿಂದ ಕಣ್ಣಿಗೆ ಚಿಕ್ಕದಾಗಿ ತೋರುತ್ತದೆ. ಒಂದು ಸಲ ಒಂದು ಕಣ್ಣು ಐಪೀಸಿಗೆ, ಇನ್ನೊಂದು ಕಣ್ಣು ನೇರ ಚಂದ್ರನಿಗೆ ಇಟ್ಟು ಹೋಲಿಸಿ ನೋಡಿ. ಎರಡೂ ಆಕಾಶದಲ್ಲಿ ಹತ್ತಿರ ಬಂದ ರಾತ್ರಿ ಈ ಆಟ ಚೆನ್ನಾಗಿರುತ್ತದೆ.

ಗುರು ನಿಂಬೆಹಣ್ಣಿನ ಹಾಗೆ ಅಲ್ಲಾಡಿದ್ದಕ್ಕೆ ಐಪೀಸನ್ನು ಪೂರ್ತಿ ಬೈಯಬೇಡಿ. ಅರ್ಧ ತಪ್ಪು ನೀವು ನಿಂತ ಜಾಗದ್ದು. ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದಿರುತ್ತದೆ. ಆ ಕಾವನ್ನು ರಾತ್ರಿ ಹತ್ತು ಹನ್ನೊಂದರವರೆಗೂ ಮೇಲಕ್ಕೆ ಬಿಡುತ್ತಲೇ ಇರುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಕಲಸಿದಾಗ ಬೆಳಕು ಓಲಾಡುತ್ತದೆ. ಕಾದ ಡಾಂಬರು ರಸ್ತೆಯ ಮೇಲೆ ದೂರದ ಬಸ್ಸು ನಡುಗುವುದಿಲ್ಲವೇ, ಅದೇ. ಟೆಲಿಸ್ಕೋಪನ್ನು ಕೆಳಗಿಳಿಸಿ ಶಾಲೆಯ ಮೈದಾನದ ಮಣ್ಣಿನ ಮೇಲೆ, ಹುಲ್ಲಿದ್ದರೆ ಇನ್ನೂ ಒಳ್ಳೆಯದು, ಅಲ್ಲಿಡಿ. ಕೊಠಡಿಯೊಳಗಿಂದ ತಂದ ಕೂಡಲೇ ನೋಡಬೇಡಿ. ಮುಕ್ಕಾಲು ಗಂಟೆ ಹೊರಗೆ ತಣಿಯಲಿ. ಗ್ರಹ ಮಾಳಿಗೆಯ ನೆತ್ತಿಗೆ ತಾಗಿದ ಹಾಗೆ ಕೆಳಗಿದ್ದರೆ ಕಾಯಿರಿ, ಮೇಲೇರಲಿ. ಇನ್ನೊಂದು ನಿಮ್ಮ ಕಡೆಯದೇ ಸಮಸ್ಯೆ: ಆಲೆಮನೆ. ಅದರ ಹೊಗೆಯ ದಿಕ್ಕಿಗೆ ಟೆಲಿಸ್ಕೋಪ್ ತಿರುಗಿಸಿದರೆ ಎಷ್ಟು ದುಬಾರಿ ಗಾಜು ಹಾಕಿದರೂ ಬೆಲ್ಲದ ವಾಸನೆಯಷ್ಟೇ ಲಾಭ.

ದುಡ್ಡು ಕಳಿಸುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಹೊಳೆಯುವ ಒಂದು ನಕ್ಷತ್ರವನ್ನು ನೋಟದ ನಡುವಿಗೆ ತಂದು, ಫೋಕಸ್ ಸ್ವಲ್ಪ ಕೆಡಿಸಿ. ಬೆಳಕಿನ ಬಳೆ ಕಾಣುತ್ತದೆ, ನಡುವೆ ಕಪ್ಪು ಚುಕ್ಕೆ. ಆ ಚುಕ್ಕೆ ಸರಿಯಾಗಿ ಮಧ್ಯದಲ್ಲಿದ್ದರೆ ಕನ್ನಡಿಗಳ ಜೋಡಣೆ ಸರಿ ಇದೆ. ಒಂದು ಪಕ್ಕಕ್ಕೆ ಜರುಗಿದ್ದರೆ ಹಿಂದಿನ ಸ್ಕ್ರೂ ತಿರುಗಿಸಿ ಸರಿಮಾಡಬೇಕು. ಜೋಡಣೆ ತಪ್ಪಿದ ಟೆಲಿಸ್ಕೋಪಿಗೆ ಒಳ್ಳೆಯ ಐಪೀಸ್ ಹಾಕುವುದು ಪಂಕ್ಚರ್ ಆದ ಸೈಕಲ್ಲಿಗೆ ಹೊಸ ಬೆಲ್ ಕಟ್ಟಿದ ಹಾಗೆ.

ಈಗ ಕಣ್ಣಿನ ವಿಷಯ. ಇದನ್ನು ಅಂಗಡಿಯವರು ಹೇಳುವುದಿಲ್ಲ. ನಿಮಗೆ ಇದೇ ಮುಖ್ಯ.

ಹಗಲಿನಲ್ಲಿ ಟೆಲಿಸ್ಕೋಪನ್ನು ಖಾಲಿ ಆಕಾಶಕ್ಕೆ ತಿರುಗಿಸಿ. ಸೂರ್ಯ ಬೆನ್ನ ಹಿಂದಿರಲಿ, ದಯವಿಟ್ಟು. ಐಪೀಸಿನಿಂದ ಒಂದು ಅಡಿ ಹಿಂದೆ ನಿಂತು ನೋಡಿ. ಗಾಜಿನ ಮೇಲೆ ಬೆಳಕಿನ ಪುಟ್ಟ ಬಿಲ್ಲೆಯೊಂದು ತೇಲುತ್ತಿರುತ್ತದೆ. ಟೆಲಿಸ್ಕೋಪ್ ಹಿಡಿದ ಬೆಳಕೆಲ್ಲ ಆ ಬಿಲ್ಲೆಯ ಮೂಲಕವೇ ಹೊರಬರುತ್ತದೆ. ಅದರ ಅಗಲವನ್ನು ಸ್ಕೇಲ್ ಹಿಡಿದು ಮಕ್ಕಳಿಂದ ಅಳೆಸಿ. ಲೆಕ್ಕ ಹೀಗೆ: 650 ಭಾಗಿಸು 130, ಅಂದರೆ 5. ಇದನ್ನು ಎಫ್ 5 ಎನ್ನುತ್ತಾರೆ. ಐಪೀಸಿನ ಸಂಗಮ ದೂರವನ್ನು ಈ 5ರಿಂದ ಭಾಗಿಸಿದರೆ ಬಿಲ್ಲೆಯ ಅಗಲ. 20 ಮಿ.ಮೀ. ಐಪೀಸಿಗೆ 4 ಮಿ.ಮೀ. ಬಿಲ್ಲೆ. 4 ಮಿ.ಮೀ. ಐಪೀಸಿಗೆ ಒಂದು ಮಿಲಿಮೀಟರಿಗೂ ಕಡಿಮೆ. ಎಂಟನೇ ಕ್ಲಾಸಿಗೆ ಒಂದು ಪೀರಿಯಡ್ಡಿನ ಪಾಠ ಆಯಿತು.

ಕತ್ತಲಲ್ಲಿ ಹುಡುಗರ ಪಾಪೆ 7 ಮಿ.ಮೀ.ವರೆಗೆ ಅರಳುತ್ತದೆ. ಐವತ್ತು ದಾಟಿದ ನಮ್ಮದು 5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದ್ದರಿಂದ 32 ಮಿ.ಮೀ. ಐಪೀಸ್ ತಂದರೆ 6.4 ಮಿ.ಮೀ. ಬಿಲ್ಲೆ ಬರುತ್ತದೆ. ನಿಮ್ಮ ಕಣ್ಣಿಗೆ ಅದರ ಅಂಚಿನ ಬೆಳಕು ಹೋಗುವುದೇ ಇಲ್ಲ. ನಿಮ್ಮ ಮಟ್ಟಿಗೆ 130ರ ಕನ್ನಡಿ ಸುಮಾರು 100ರ ಕನ್ನಡಿ ಆಗಿಬಿಡುತ್ತದೆ. ಹಾಗಂತ ಏನೂ ಹಾಳಾಗುವುದಿಲ್ಲ, ನೋಟ ಅಗಲವಾಗಿಯೇ ಇರುತ್ತದೆ. ಆದರೆ 25 ಮಿ.ಮೀ. ತಂದರೆ ಬಿಲ್ಲೆ ಸರಿಯಾಗಿ 5. ಜೊತೆಗೆ ಹಿನ್ನೆಲೆಯ ಆಕಾಶ ಸ್ವಲ್ಪ ಹೆಚ್ಚು ಕಪ್ಪಾಗುತ್ತದೆ. ಬೀದಿ ದೀಪ ಇರುವ ಊರಲ್ಲಿ ಅದೂ ಒಂದು ಲಾಭವೇ.

ಕನ್ನಡಕ. ದೂರದ್ದು, ಹತ್ತಿರದ್ದು ಕಾಣದ ದೋಷವಾದರೆ ತೆಗೆದಿಡಿ. ಫೋಕಸ್ ಗುಬ್ಬಿ ತಿರುಗಿಸಿದರೆ ಸರಿಹೋಗುತ್ತದೆ. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷಕ್ಕೆ ಕೊಡುವುದು) ಇದ್ದರೆ ಮಾತ್ರ ಗುಬ್ಬಿಯಿಂದ ಆಗುವುದಿಲ್ಲ. ನಿಮ್ಮ ಕನ್ನಡಕದ ಚೀಟಿಯಲ್ಲಿ ಸಿವೈಎಲ್ (CYL) ಎಂಬ ಕಾಲಂ ಇರುತ್ತದೆ, ನೋಡಿಕೊಳ್ಳಿ. ಚೀಟಿ ಕಳೆದುಹೋಗಿದ್ದರೆ ಕನ್ನಡಕವನ್ನು ಕೈಯಳತೆ ದೂರದಲ್ಲಿ ಹಿಡಿದು ಗಾಲಿಯ ಹಾಗೆ ತಿರುಗಿಸಿ, ಗಾಜಿನ ಮೂಲಕ ಕಿಟಕಿ ಚೌಕಟ್ಟು ನೋಡಿ. ಚೌಕಟ್ಟು ಸೊಟ್ಟ ಪಟ್ಟ ಎಳೆದಾಡಿದರೆ ಸಿಲಿಂಡರ್ ಇದೆ ಅಂತ ಅರ್ಥ. ಅಂಥವರು ಕಡಿಮೆ ಪಟ್ಟಿನಲ್ಲಿ ಕನ್ನಡಕ ಹಾಕಿಕೊಂಡೇ ನೋಡಬೇಕು. ಅದಕ್ಕೆ ಕಣ್ಣಿಗೂ ಗಾಜಿಗೂ ನಡುವೆ 15ರಿಂದ 20 ಮಿ.ಮೀ. ಜಾಗ ಬಿಡುವ ಐಪೀಸ್ ಬೇಕು. ಜಾಸ್ತಿ ಪಟ್ಟಿನಲ್ಲಿ ಬಿಲ್ಲೆ ಸಣ್ಣದು, ಅದು ಪಾಪೆಯ ನಡುಭಾಗವನ್ನಷ್ಟೇ ಬಳಸುತ್ತದೆ, ದೋಷ ಅಷ್ಟಾಗಿ ಕಾಣುವುದಿಲ್ಲ. ಆಗ ಕನ್ನಡಕ ಜೇಬಿಗೆ.

ನಿಮ್ಮ 4 ಮಿ.ಮೀ.ದು ಇಲ್ಲಿ ಪೂರ್ತಿ ಫೇಲು. ಕಣ್ಣನ್ನು ಗಾಜಿಗೆ ಅಂಟಿಸಿಕೊಂಡೇ ನಿಲ್ಲಬೇಕು. ರೆಪ್ಪೆಯ ಎಣ್ಣೆ ಗಾಜಿಗೆ, ಕಾಡಿಗೆ ಹಚ್ಚಿದ ಹುಡುಗಿಯರ ಕಾಡಿಗೆಯೂ ಗಾಜಿಗೆ.

ಶಾಲೆ ಅಂದಮೇಲೆ ಸಾಲು ಇರುತ್ತದಲ್ಲ. ಅದರ ಲೆಕ್ಕವನ್ನೂ ಹಾಕಿ. ಮೋಟಾರಿಲ್ಲದ ಟೆಲಿಸ್ಕೋಪಿನಲ್ಲಿ ಭೂಮಿ ತಿರುಗಿದ ಹಾಗೆ ಗ್ರಹ ನೋಟದಿಂದ ಜಾರುತ್ತದೆ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. 487 ಪಟ್ಟಿನಲ್ಲಿ, 40 ಡಿಗ್ರಿ ನೋಟದ ಅಗ್ಗದ ಐಪೀಸಿನಲ್ಲಿ, ಗುರು ಈ ಅಂಚಿನಿಂದ ಆ ಅಂಚಿಗೆ ಹೋಗಲು 20 ಸೆಕೆಂಡ್. ಒಬ್ಬ ಹುಡುಗ ಬಾಗಿ, ಕಣ್ಣು ಹೊಂದಿಸಿಕೊಂಡು, ‘ಸಾರ್ ಏನೂ ಕಾಣ್ತಿಲ್ಲ’ ಅನ್ನುವಷ್ಟರಲ್ಲಿ ಮುಗಿಯಿತು. ಅದೇ 72 ಪಟ್ಟು, 66 ಡಿಗ್ರಿ ನೋಟ ಇದ್ದರೆ ಮೂರೂವರೆ ನಿಮಿಷಕ್ಕಿಂತ ಜಾಸ್ತಿ. ಐದಾರು ಮಕ್ಕಳು ನೋಡಿ ಪಕ್ಕಕ್ಕೆ ಹೋಗಬಹುದು.

ನೋಟದ ಅಗಲ ಅಂದರೆ ಐಪೀಸಿನೊಳಗೆ ಕಾಣುವ ವೃತ್ತ ಎಷ್ಟು ದೊಡ್ಡದು ಎಂಬುದು. ಪ್ಲಾಸ್ಲ್ ಎಂಬ ಮಾದರಿಗೆ 50 ಡಿಗ್ರಿ ಆಸುಪಾಸು. ವಿಯೆನ್ನಾದ ಗಾಜಿನ ಕುಶಲಿ ಗಿಯೋರ್ಗ್ ಸೈಮನ್ ಪ್ಲಾಸ್ಲ್ 1860ರಲ್ಲಿ ಮಾಡಿದ್ದು. ಇಂದಿಗೂ ಒಳ್ಳೆಯ, ನಂಬಿಕೆಯ ಮಾಲು. ಅಮೆರಿಕದ ಆಲ್ ನಾಗ್ಲರ್ ಎಂಬುವರು ಅಪೋಲೋ ಯಾತ್ರಿಗಳ ತರಬೇತಿ ಯಂತ್ರಕ್ಕೆ ಲೆನ್ಸ್ ವಿನ್ಯಾಸ ಮಾಡಿದವರು. ಆಮೇಲೆ ಅವರೇ 82 ಡಿಗ್ರಿ ನೋಟದ ಐಪೀಸ್ ತಂದರು. ಒಮ್ಮೆ ಅದರಲ್ಲಿ ಇಣುಕಿದರೆ ಬೇರೆಯವೆಲ್ಲ ಬೀಗದ ಕಿಂಡಿ ಅನ್ನಿಸುತ್ತವೆ. ಆದರೆ ಅಂಥ ಒಂದು ಐಪೀಸಿನ ಬೆಲೆಗೆ ನಿಮ್ಮ ಟೆಲಿಸ್ಕೋಪೇ ಬಂದುಬಿಡಬಹುದು. ಸದ್ಯಕ್ಕೆ ಬಿಡಿ.

ಸೆಟ್ ಕೊಳ್ಳಲೇ ಎಂದಿರಿ. ಬೇಡ. ಅನುಭವದಿಂದ ಹೇಳುತ್ತಿದ್ದೇನೆ, ನಾನೂ ಒಂದು ಕೊಂಡಿದ್ದೆ. ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೆ ಸ್ಪಂಜು, ಐದು ಪ್ಲಾಸ್ಲ್, ಆರು ಬಣ್ಣದ ಫಿಲ್ಟರ್. ತೆರೆದಾಗ ಒಡವೆ ಪೆಟ್ಟಿಗೆ ತೆರೆದಷ್ಟು ಖುಷಿ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಬಳಸಿದ್ದು ಎರಡೇ ಐಪೀಸ್. ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆ ಸೆಟ್ಟಿನ ಹಾಗೆ. ಮೂರು ಪಾತ್ರೆ ಒಲೆಯ ಮೇಲೆ, ಉಳಿದವು ಅಟ್ಟದಲ್ಲಿ. ಪ್ಲಾಸ್ಲ್ ಮಾದರಿಯಲ್ಲಿ ಕಣ್ಣಿಗೆ ಸಿಗುವ ಜಾಗ ಸಂಗಮ ದೂರದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ. 25ರದ್ದಾದರೆ 17 ಮಿ.ಮೀ. ಬರುತ್ತದೆ, ಆರಾಮ. 6ರದ್ದಾದರೆ ನಾಲ್ಕೇ ಮಿ.ಮೀ. ಸೆಟ್ಟಿನ ಸಣ್ಣ ಐಪೀಸುಗಳು ಮೂಲೆ ಸೇರುವುದು ಇದಕ್ಕೇ.

ನಿಮ್ಮ ಎಂಟು ಸಾವಿರವನ್ನು ನಾನಾದರೆ ಹೀಗೆ ಖರ್ಚು ಮಾಡುತ್ತಿದ್ದೆ. ಮೊದಲು ಒಂದು 9 ಮಿ.ಮೀ., 66 ಡಿಗ್ರಿ ನೋಟದ್ದು. ಹವ್ಯಾಸಿಗಳು ‘ಗೋಲ್ಡ್ ಲೈನ್’ ಎನ್ನುತ್ತಾರೆ, ಸುತ್ತ ಚಿನ್ನದ ಬಣ್ಣದ ಗೆರೆ ಇರುತ್ತದೆ. ಬೇರೆ ಬೇರೆ ಹೆಸರಿನಲ್ಲಿ ಅದೇ ಮಾಲು ಸಿಗುತ್ತದೆ. 72 ಪಟ್ಟು. ಕಣ್ಣಿಗೆ ಸಾಕಷ್ಟು ಜಾಗ. ಇಡೀ ಚಂದ್ರ ಒಂದೇ ನೋಟದಲ್ಲಿ ಹಿಡಿಯುತ್ತಾನೆ, ಸುತ್ತ ಕಪ್ಪು ಆಕಾಶವೂ ಉಳಿಯುತ್ತದೆ. ಗುರುವಿನ ಪಟ್ಟೆ, ನಾಲ್ಕು ಚಂದ್ರ, ಶನಿಯ ಉಂಗುರ ಎಲ್ಲ ಇದರಲ್ಲೇ ಆಗುತ್ತದೆ. ವರ್ಷದ ಮುಕ್ಕಾಲು ರಾತ್ರಿ ಟೆಲಿಸ್ಕೋಪಿನಲ್ಲಿ ಇದೇ ಕೂತಿರುತ್ತದೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ಇದೇ ಸಾಲಿನ 6 ಕೂಡ ಒಳ್ಳೆಯದು. 15 ಮತ್ತು 20 ಮಾತ್ರ ನಿಮ್ಮ ಎಫ್ 5 ಟೆಲಿಸ್ಕೋಪಿಗೆ ಅಷ್ಟಕ್ಕಷ್ಟೇ, ಅಂಚಿನ ನಕ್ಷತ್ರ ಕೆಡುತ್ತದೆ.

ಎರಡನೆಯದು 25 ಮಿ.ಮೀ. ಪ್ಲಾಸ್ಲ್. 26 ಪಟ್ಟು, ಆಕಾಶದಲ್ಲಿ ಎರಡು ಡಿಗ್ರಿ. ನಮ್ಮ ಹುಣ್ಣಿಮೆ ಚಂದ್ರನಂಥವು ಸುಮಾರು ನಾಲ್ಕು ಸಾಲಾಗಿ ನಿಲ್ಲುವಷ್ಟು ಜಾಗ. ಕೃತ್ತಿಕೆ ಪೂರ್ತಿ ಬರುತ್ತದೆ. ಯಾವುದನ್ನೇ ಆಗಲಿ ಹುಡುಕುವುದು ಇದರಲ್ಲಿ, ನೋಡುವುದು 9ರಲ್ಲಿ.

ಮೂರನೆಯದು 2 ಪಟ್ಟಿನ ಬಾರ್ಲೋ, ಆದರೆ ಗಾಜಿನದು. ನಿಮ್ಮಲ್ಲಿರುವ 3 ಪಟ್ಟಿನದು ಪ್ಲಾಸ್ಟಿಕ್ ಇರಬಹುದು. ಬೆರಳಲ್ಲಿ ಎತ್ತಿದರೆ ಬಾಟಲಿ ಮುಚ್ಚಳದಷ್ಟು ಹಗುರ ಅನ್ನಿಸಿದರೆ ಮಕ್ಕಳಿಗೆ ಬಿಚ್ಚಿ ನೋಡಲು ಕೊಡಿ. ಒಳ್ಳೆಯ ಬಾರ್ಲೋ ಜೊತೆ 9 ಇದ್ದದ್ದು 4.5 ಆಗುತ್ತದೆ, 144 ಪಟ್ಟು. 25 ಇದ್ದದ್ದು 12.5 ಆಗುತ್ತದೆ, 52 ಪಟ್ಟು. ಮೂರು ಸಾಮಾನು, ನಾಲ್ಕು ವರ್ಧನೆ. ಕಣ್ಣಿಗೆ ಸಿಗುವ ಜಾಗವೂ ಕಡಿಮೆಯಾಗುವುದಿಲ್ಲ. 144 ಪಟ್ಟಿನಲ್ಲಿ ಗುರು ಕುಣಿದರೆ ಬಾರ್ಲೋ ತೆಗೆದು 72ಕ್ಕೆ ಇಳಿಯಿರಿ, ನಾಚಿಕೆ ಏನಿಲ್ಲ. ದುಡ್ಡು ಸಾಲದಿದ್ದರೆ ಬಾರ್ಲೋ ಮುಂದಿನ ವರ್ಷಕ್ಕಿರಲಿ.

ಆರ್ಡರ್ ಮಾಡುವ ಮುನ್ನ ಫೋಕಸರ್ (ಐಪೀಸ್ ಕೂರಿಸುವ ನಳಿಗೆ) ಬಾಯಿ ಅಳೆಯಿರಿ. 31.7 ಮಿ.ಮೀ. ಇದ್ದರೆ ಅದು ಒಂದೂಕಾಲು ಇಂಚು, ಮೇಲಿನವೆಲ್ಲ ಕೂರುತ್ತವೆ. ನಿಮ್ಮದು ಹಾಗೇ ಇರುತ್ತದೆ. ಹಳೆಯ ಪುಟ್ಟ ಟೆಲಿಸ್ಕೋಪುಗಳಲ್ಲಿ 24.5 ಮಿ.ಮೀ. ಇರುವುದುಂಟು, ಅವಕ್ಕೆ ಇವು ಹೋಗುವುದಿಲ್ಲ. ಜೂಮ್ ಐಪೀಸ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದರಲ್ಲೇ 8ರಿಂದ 24. ಅನುಕೂಲ ನಿಜ. ಆದರೆ 24ರ ಕಡೆ, ನೋಟ ಅಗಲ ಬೇಕಾದ ಕಡೆಯೇ, ಅದು ಕಿರಿದಾಗುತ್ತದೆ. ನನಗೆ ಇಷ್ಟವಿಲ್ಲ.

ಹೊಸ ಐಪೀಸ್ ಬಂದ ಮೇಲೂ ಅಂಚಿನ ನಕ್ಷತ್ರಗಳಿಗೆ ಬಾಲ ಕಾಣುತ್ತದೆ. ಬಾಲ ಹೊರಮುಖವಾಗಿ, ಧೂಮಕೇತುವಿನ ಹಾಗಿದ್ದರೆ ಅದು ಎಫ್ 5 ಕನ್ನಡಿಯ ಹುಟ್ಟುಗುಣ. ಐಪೀಸ್ ವಾಪಸ್ ಕಳಿಸಬೇಡಿ. ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಅಡ್ಡಡ್ಡ ಎಳೆದಿದ್ದರೆ ಅದು ಐಪೀಸಿನದು. ಗ್ರಹವನ್ನು ನಡುವಲ್ಲಿಟ್ಟು ನೋಡುವವರಿಗೆ ಎರಡೂ ತೊಂದರೆಯಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಲಹೆ ಅಲ್ಲ, ಕೈಮುಗಿದು ಕೇಳುವುದು. ಕೆಲವು ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಪಿ ಹಾಕುವ ಕಪ್ಪು ‘ಸನ್ ಫಿಲ್ಟರ್’ ಬರುತ್ತದೆ. ಸಿಕ್ಕಿದರೆ ಸುತ್ತಿಗೆಯಿಂದ ಒಡೆದು ಬಿಸಾಡಿ. ಕನ್ನಡಿ ಬಿಸಿಲನ್ನೆಲ್ಲ ಒಟ್ಟು ಮಾಡಿ ಕಳಿಸುವುದು ಆ ಪುಟ್ಟ ಗಾಜಿನ ಹತ್ತಿರಕ್ಕೇ. 2019ರ ಡಿಸೆಂಬರ್ 26ರ ಗ್ರಹಣದ ದಿನ ಮೈಸೂರಿನಲ್ಲಿ ಒಬ್ಬರು ಅಂಥದ್ದನ್ನು ಹಾಕಿ ಸಾಲು ನಿಲ್ಲಿಸಿಕೊಂಡಿದ್ದರು. ನಾನು ನೋಡುತ್ತಿದ್ದ ಹಾಗೇ ಟಪ್ ಎಂದು ಬಿರುಕು ಬಿಟ್ಟಿತು. ಪುಣ್ಯಕ್ಕೆ ಆ ಕ್ಷಣ ಯಾರ ಕಣ್ಣೂ ಅಲ್ಲಿರಲಿಲ್ಲ. ಸೂರ್ಯನ ಫಿಲ್ಟರ್ ಯಾವತ್ತೂ ಟೆಲಿಸ್ಕೋಪಿನ ಮುಂದಿನ ಬಾಯಿಗೆ ಕಟ್ಟುವಂಥದ್ದೇ ಆಗಬೇಕು.

ಕೊಂಡದ್ದನ್ನು ಇಟ್ಟುಕೊಳ್ಳುವ ಬಗೆ. ಆ ನನ್ನ ಸೆಟ್ಟಿನ ಕಥೆ ಪೂರ್ತಿ ಹೇಳಲಿಲ್ಲ. ಒಂದು ಮಳೆಗಾಲದಲ್ಲಿ ಮೋಡವೋ ಮೋಡ, ಪೆಟ್ಟಿಗೆಯನ್ನು ಅಟ್ಟದ ಮೇಲೆ ದಸರಾ ಗೊಂಬೆಗಳ ಪಕ್ಕ ಇಟ್ಟೆ. ನವರಾತ್ರಿಗೆ ಗೊಂಬೆ ಇಳಿಸುವಾಗಲೇ ಮತ್ತೆ ತೆರೆದದ್ದು. ರಾಜ ರಾಣಿ ಚೆನ್ನಾಗಿದ್ದರು. ಐಪೀಸಿನೊಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆ. ಫಂಗಸ್. ಸ್ಪಂಜು ತೇವ ಹಿಡಿದಿತ್ತು. ಆ ಎಳೆ ಗಾಜಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಹೋಗುವುದಿಲ್ಲ. ಈಗ ನನ್ನವೆಲ್ಲ ಗಾಳಿಯಾಡದ ಅಡುಗೆಮನೆ ಡಬ್ಬದಲ್ಲಿ ಇರುತ್ತವೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಆ ಬಾಣಲೆ ಬೇರೆಯೇ ಇರಲಿ, ಒಗ್ಗರಣೆಗೆ ಬೇಡ. ನಿಮ್ಮದು ನಾಲೆ ನೀರಿನ ಊರು, ಗದ್ದೆಯ ತೇವ. ಚಳಿಗಾಲದಲ್ಲೂ ರಾತ್ರಿ ಇಬ್ಬನಿ ಬೀಳುತ್ತದೆ. ಒದ್ದೆಯಾದ ಐಪೀಸನ್ನು ಹಾಗೇ ಮುಚ್ಚಬೇಡಿ. ಕೋಣೆಯಲ್ಲಿ ಮುಚ್ಚಳ ತೆಗೆದಿಟ್ಟು, ಬೆಳಿಗ್ಗೆ ಒಣಗಿದ ಮೇಲೆ ಡಬ್ಬಕ್ಕೆ. ಪಂಚೆಯ ಅಂಚಿನಿಂದ ಒರೆಸುವ ಆಸೆ ಬರುತ್ತದೆ, ಬೇಡ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ ಧೂಳು ಹಾರಿಸಿ. ಧೂಳಿರುವಾಗ ಒರೆಸಿದರೆ ಮರಳು ಕಾಗದ ಉಜ್ಜಿದ ಹಾಗೆ.

ಏನು ನೋಡಬೇಕೆಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಚಳಿಗಾಲದಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಕತ್ತಿಯ ಜಾಗಕ್ಕೆ 25 ಹಾಕಿ, ಮಂಜಿನಂಥ ನೆಬ್ಯುಲಾ (ಅನಿಲ, ಧೂಳಿನ ಮೋಡ) ರೆಕ್ಕೆ ಬಿಚ್ಚಿರುತ್ತದೆ. ಆಮೇಲೆ 9 ಹಾಕಿದರೆ ಅದರ ನಡುವೆ ನಾಲ್ಕು ಪುಟ್ಟ ನಕ್ಷತ್ರ ಬಿಡಿಬಿಡಿಯಾಗಿ ಕಾಣುತ್ತವೆ. ಶನಿಯ ಉಂಗುರ 2025ರ ಮಾರ್ಚ್‌ನಲ್ಲಿ ನಮ್ಮ ಕಡೆ ಅಂಚು ತಿರುಗಿಸಿತ್ತು, ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿದೆ. ಅದಕ್ಕೆ 144ನ್ನು ಬಳಸಿ.

ಇನ್ನು ಯುರೋಪಿನ ಹವ್ಯಾಸಿಗಳು ಹೊಟ್ಟೆಕಿಚ್ಚು ಪಡುವ ಒಂದು ವಸ್ತು ನಿಮಗೆ ಸಲೀಸಾಗಿ ಸಿಗುತ್ತದೆ: ಒಮೇಗಾ ಸೆಂಟಾರಿ. ಲಕ್ಷಗಟ್ಟಲೆ ನಕ್ಷತ್ರಗಳ ಉಂಡೆ. ನಮ್ಮ ಅಕ್ಷಾಂಶ 12 ಡಿಗ್ರಿ ಚಿಲ್ಲರೆ ಆದ್ದರಿಂದ ಅದು ದಕ್ಷಿಣದಲ್ಲಿ 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಮೂರು ಮುಷ್ಟಿ. ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಹತ್ತೂಕಾಲರ ಹೊತ್ತಿಗೆ ನೇರ ದಕ್ಷಿಣದಲ್ಲಿರುತ್ತದೆ. ತೊಂದರೆ ಒಂದೇ. ಪಾಂಡವಪುರದಿಂದ ನೇರ ದಕ್ಷಿಣಕ್ಕೆ ಮೈಸೂರು ಇದೆ, ಅದರ ದೀಪದ ಬೆಳಕು ಆ ದಿಕ್ಕಿನ ಆಕಾಶವನ್ನು ತೊಳೆದುಬಿಡುತ್ತದೆ. ಮಳವಳ್ಳಿ ಕಡೆ ನೆಂಟರಿದ್ದರೆ ಬೇಸಿಗೆ ರಜೆಯಲ್ಲಿ ಟೆಲಿಸ್ಕೋಪ್ ಹೊತ್ತುಕೊಂಡು ಅಲ್ಲಿಗೆ ಹೋಗಿ. 25ರಲ್ಲಿ ಮಸುಕಾದ ಹತ್ತಿಯ ಉಂಡೆ ಸಿಗುತ್ತದೆ. ನಡುವಿಗೆ ತಂದು 9 ಹಾಕಿ. ಒಂದೆರಡು ನಿಮಿಷ ಕಣ್ಣು ಕೀಳದೆ ನೋಡುತ್ತಿದ್ದರೆ ಉಂಡೆಯ ಅಂಚು ರವೆ ಚೆಲ್ಲಿದ ಹಾಗೆ ಕಾಳುಕಾಳಾಗುತ್ತದೆ.